ಪೆಟ್ಟಿಗೆ ನುಂಗಿದ ಉಂಗುರ

"ಯಾರ ವಸ್ತು ಇಸ್ಕೊಂಡು ಮಾಯ ಮಾಡಿದ್ರೂ, ಅದೇ ಕೈಗೆ ವಾಪಸ್ ಕೊಡ್ತೀನಿ. ನಿನ್ನಾಣೆ!"

ಮೊದಲ ಪ್ರದರ್ಶನಕ್ಕೆ ಮುಂಚೆ ಜಾದೂಗಾರ ಅವಳಿಗೆ ಕೊಟ್ಟ ಮಾತು ಅದು. ಅದೇ ಸಂಜೆ, ತುಂಬಿದ ಸಭೆಯಲ್ಲಿ, ಅವಳ ತೀರಿಹೋದ ಅಮ್ಮನ ಉಂಗುರವನ್ನು ಅವಳಿಂದಲೇ ಕೇಳಿ ಪಡೆದ. ಪೆಟ್ಟಿಗೆಗೆ ಹಾಕಿದ. ಉಂಗುರ ಮಾಯವಾಯಿತು... ಮರಳಿ ಬರಲೇ ಇಲ್ಲ!

"ಎಲ್ಲೋ ಬೀಳಿಸಿಬಿಟ್ಟೆ," ಎಂದು ತಲೆ ತಗ್ಗಿಸಿ ಹೋದವನು ವರ್ಷಗಟ್ಟಲೆ ಮುಖ ತೋರಿಸಲಿಲ್ಲ.

ಇವತ್ತು ಅದೇ ಮನುಷ್ಯ, ಅದೇ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ.

ಜಾದೂಗಾರರಿಗೆ ಪೆಟ್ಟಿಗೆ ಮಾಡಿಕೊಡುವುದು ಅಪ್ಪನ ಕಸುಬು, ಈಗ ಅವಳದು. ಕೈಯಲ್ಲಿದ್ದ ಉಳಿಯನ್ನು ಅವಳು ಕೆಳಗಿಡಲಿಲ್ಲ.

"ಯಾವ ಮುಖ ಇಟ್ಕೊಂಡು ಬಂದೆ? ಬಳೆನೂ ಬೇಕಿತ್ತಾ?"

"ಬೈದು ಮುಗಿಸು. ಆಮೇಲೆ ಹೇಳ್ತೀನಿ."

"ಮುಗಿಯಲ್ಲ! ನಾಳೆ ಬಾ, ಆಗಲೂ ಬೈತಿರ್ತೀನಿ!"

'ಎಷ್ಟು ಇಳಿದುಹೋಗಿದ್ದಾನೆ... ಥೂ, ನನಗೇನು!'

ಅವನು ಪೆಟ್ಟಿಗೆ ಅಲುಗಿಸಿದ. ಒಳಗೆ ಟಣ್ ಎಂದಿತು.

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇದ್ರಲ್ಲೇ... ಇತ್ತಾ?"

ಮೂಲೆಯ ಸ್ಟೂಲಿನಿಂದ ಅಪ್ಪ ಕೆಮ್ಮಿದರು. "ಬೈಯೋದಾದ್ರೆ ನನ್ನ ಬೈಯಮ್ಮ. ಈ ಪೆಟ್ಟಿಗೆ ಮಾಡೋವಾಗಲೇ ನನ್ನ ಕೈ ನಡುಗ್ತಿತ್ತು. ಒಳಗಿನ ಕಳ್ಳ ಅರೆ ಅಳತೆ ತಪ್ಪಿ ಕಚ್ಕೊಂಡು, ಉಂಗುರ ಅದರಲ್ಲೇ ಉಳ್ಕೊಂಡ್ಬಿಡ್ತು. ಮಗಳಿಗೆ ಹೇಳಬೇಡಪ್ಪ, ಅಪ್ಪ ಕೆಲಸಕ್ಕೆ ಬಾರದವನಾದ ಅಂತ ಕೊರಗ್ತಾಳೆ ಅಂದೆ. ಇವನು ಬಾಯಿ ಬಿಡಲಿಲ್ಲ. ಸಾಕಾಯ್ತು, ನಾನೇ ಕರೆಸ್ದೆ."

ಅವಳ ಮುಖ ಕೆಂಡವಾಯಿತು.

"ಇಬ್ರೂ ಸೇರಿ ಅಪ್ಪನ ಮಾನ ಕಾಪಾಡಿದ್ರಿ. ನಾನು ಅತ್ತಿದ್ದು? ಅದು ಯಾರಿಗೂ ಕಾಣ್ಲಿಲ್ವಾ? ಒಡೆದಾದ್ರೂ ಕೊಡ್ಬೇಕಿತ್ತು!"

"ಯಾಕೆ ಒಡೆದೆ ಅಂತ ನೀನು ಕೇಳ್ತಿದ್ದೆ. ನಿನ್ನ ಮುಂದೆ ನನಗೆ ಸುಳ್ಳು ಬರಲ್ಲ."

"ಬೀಳಿಸ್ದೆ ಅಂದಿದ್ದು ಏನು ಮತ್ತೆ?"

"ಅದೊಂದೇ ಸುಳ್ಳು. ಇನ್ನೊಂದು ಹೇಳೋಕೆ ಆಗಲ್ಲ ಅಂತಾನೇ ಓಡಿಹೋದೆ. ಪ್ರೀತಿ ಮಾಡೋವ್ರ ಕಣ್ಣಲ್ಲಿ ಕಳ್ಳ ಆಗೋದು ಎಷ್ಟು ಕಷ್ಟ ಗೊತ್ತಾ?"

ಪ್ರೀತಿ! ಹೇಳೋಕೆ ಈಗ ಹೊತ್ತು ಸಿಕ್ತಾ?

ಪೆಟ್ಟಿಗೆ ಕಸಿದುಕೊಂಡಳು. ಉಳಿಯ ತುದಿ ಸಂದಿಗೆ ಇಟ್ಟು, ಸಿಟ್ಟೆಲ್ಲ ಸೇರಿಸಿ ಒಂದು ಏಟು! ಅಪ್ಪ ಕಣ್ಣು ಮುಚ್ಚಿಕೊಂಡರು. ಪಕ್ಕದ ಹಲಗೆ ಸೀಳಿತು. ಉಂಗುರ ಉರುಳಿ ಮರದ ಹೊಟ್ಟಿನೊಳಗೆ ಬಿತ್ತು.

ಅವನು ಮೊಣಕಾಲೂರಿ ಹುಡುಕಿ ತೆಗೆದು, ಅಂಗಿಯ ತುದಿಗೆ ಒರೆಸಿದ. ಅವಳು ಮುಖ ತಿರುಗಿಸಿಕೊಂಡೇ ಎಡಗೈ ಚಾಚಿದಳು.

"ಆ ಕೈ ಅಲ್ಲ. ನಾನು ಇಸ್ಕೊಂಡಿದ್ದು ಬಲಗೈಯಿಂದ."

ಅಷ್ಟೂ ನೆನಪಿದೆಯಾ ಇವನಿಗೆ... ಉಳಿ ಕೆಳಗಿಟ್ಟು ಬಲಗೈ ಕೊಟ್ಟಳು. ಕಣ್ಣು ತುಂಬಿತ್ತು.

"ಇನ್ನೂ ಕೋಪಾನಾ?"

"ತುಂಬಾ! ಅದಕ್ಕೇ ಎಲ್ಲೂ ಹೋಗ್ಬೇಡ. ಇಲ್ಲೇ ಇದ್ದು ಬೈಸ್ಕೋ."

"ದಿನಾನಾ?"

"ದಿನಾ."

ಅವನು ಉಂಗುರ ತೊಡಿಸಿದ. ಎರವಲು ಪಡೆದದ್ದು ಅದೇ ಕೈ ಸೇರಿತು. ಕೊಟ್ಟ ಮಾತು ಉಳಿಯಿತು.