ಗುಂಡು ಮುಖಕ್ಕೆ ಒಪ್ಪುವ ಫ್ರೇಮು

"ನಿಮ್ಮಮ್ಮನಿಗೆ ಹೇಳೇ ಇಲ್ವಾ? ಮುಂದಿನ ವಾರ ಲಗ್ನ. ಸೊಸೆ ಕನ್ನಡಕದೋಳು ಅಂತ ಅತ್ತೆಗೇ ಗೊತ್ತಿಲ್ವಾ?"

"ಮೆಲ್ಲಗೆ ಮಾತಾಡು. ಅಂಗಡಿ ಇದು."

"ಅಂಗಡಿಯೋರ ಮುಂದೆ ಮರ್ಯಾದೆ ಬೇಕು ನಿಮಗೆ. ನನ್ ಮುಂದೆ ಬೇಡ್ವಾ?"

ಯಶವಂತಪುರ ಸ್ಟೇಷನ್ನಿನ ಎದುರು ಗುಲಾಮ್ ರಸೂಲ್ ಸಾಹೇಬರ ಕನ್ನಡಕದ ಅಂಗಡಿ. ಒಡೆದ ಹಳೆಯ ಫ್ರೇಮು ಬಿಸಾಕಿ ಅದರ ಗಾಜನ್ನೇ ಹೊಸದಕ್ಕೆ ಕೂರಿಸಬೇಕಿತ್ತು. ಗಾಜು ಆಗಲೇ ಸಾಹೇಬರ ಕೈ ಸೇರಿತ್ತು. ಈಗ ಮುನಿಕೃಷ್ಣಮ್ಮನ ಕಣ್ಣಿಗೆ ಎದುರಿಗಿದ್ದ ಮದುವೆ ಗಂಡು ಲಕ್ಕಣ್ಣನೂ ಒಂದು ಬಿಳಿ ಅಂಗಿ, ಅಷ್ಟೇ.

ಹೆಣ್ಣು ನೋಡಲು ಬಂದ ದಿನವೂ ಅಷ್ಟೇ ಕಂಡಿದ್ದ. ತಂದೆತಾಯಿ ಇಲ್ಲದ ಹುಡುಗಿ. ಸಾಕಿದ ಚಿಕ್ಕಮ್ಮ ದ್ರೌಪದಮ್ಮ ಅವಳ ಕನ್ನಡಕ ಕಿತ್ತು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಕಾಫಿ ಕೊಟ್ಟಾಗ ಆ ಬಿಳಿ ಅಂಗಿ ಕೇಳಿತ್ತು, "ನಿಮಗೆಲ್ಲಿ ಕಾಫಿ?"

ಅಲ್ಲಾಳಸಂದ್ರದ ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳದ ಮಾತು ಅದು. ಮನಸ್ಸು ಅಲ್ಲೇ ಸೋತಿತ್ತು...

ಆಮೇಲೆ ಅವನು ಅವಳು ಪಾಠ ಮಾಡುವ ಯಲಹಂಕದ ಶಾಲೆಗೆ ಬಂದು, ಕನ್ನಡಕದ ಮೇಡಮ್ಮನನ್ನು ಕಂಡು, "ಹಿಂಗೂ ಚೆನ್ನಾಗಿದೀರ" ಅಂದಿದ್ದ. ಮನೆಯಲ್ಲೂ ಹೇಳಿರುತ್ತಾನೆ ಎಂದು ಅವಳು ನಂಬಿದ್ದಳು. ಗಂಡಸು ಒಬ್ಬಳ ಮುಂದೆ ಆಡಿದ ಮಾತನ್ನು ತಾಯಿಯ ಮುಂದೂ ಆಡುತ್ತಾನೆ ಎಂದು ನಂಬಿದ್ದೇ ಅವಳ ತಪ್ಪು.

"ತಾಳಿ ಬೀಳೋವರ್ಗೂ ತೆಗೆದಿಡು. ಆಮೇಲೆ ನಾನೇ ನಿಧಾನವಾಗಿ ಹೇಳ್ತೀನಿ."

"ಧಾರೆ ಹೊತ್ತಲ್ಲಿ ನಿಮ್ ಮುಖಾನೇ ಕಾಣಲ್ವಲ್ರೀ ನನಗೆ."

"ಆಮೇಲೆ ದಿನಾ ನೋಡ್ತೀಯಲ್ಲ, ಸಾಕಾಗೋಷ್ಟು."

ಜಗಳ ತಣ್ಣಗಾಗಲೆಂದು ಸಾಹೇಬರು ಒಂದು ಕಪ್ಪು ಫ್ರೇಮು ಮುಂದಿಟ್ಟರು. "ಗುಂಡು ಮುಖಕ್ಕೆ ಗುಂಡು ಫ್ರೇಮು ಬೇಡ ಬೇಟಿ. ಇದಕ್ಕೆ ಮೂಲೆ ಇದೆ, ತುದಿ ಮೇಲೆದ್ದಿದೆ. ಹಾಕ್ಕೊಂಡ್ ನೋಡು."

ನೋಡುವುದೇನು? ಗಾಜಿಲ್ಲದ ಫ್ರೇಮು. ಕನ್ನಡಿಯಲ್ಲಿ ಇದ್ದದ್ದು ಮಸುಕು ಮುದ್ದೆ. ಅವನನ್ನೇ ಕೇಳಬೇಕಾಯಿತು.

"ಹೇಗಿದೆ?"

"ಚೆನ್ನಾಗೇ ಇದೆ..." ಲಕ್ಕಣ್ಣ ತಡವರಿಸಿದ. "ಆದ್ರೆ ಎದ್ದು ಕಾಣತ್ತೆ. ಆ ಸಣ್ಣ ತಂತಿದು ತಗೋ. ಇದೆಯೋ ಇಲ್ವೋ ಗೊತ್ತಾಗಲ್ಲ."

ಇದೆಯೋ ಇಲ್ಲವೋ ಗೊತ್ತಾಗದಂತೆ... ಚಿಕ್ಕಮ್ಮನ ಮನೆಯಲ್ಲಿ ಇಷ್ಟು ವರ್ಷ ಬದುಕಿದ್ದೂ ಹಾಗೇ ಅಲ್ಲವೇ?

"ಸಾಹೇಬ್ರೆ, ಕಪ್ಪುದಕ್ಕೇ ಗಾಜು ಕೂರಿಸಿ," ಅಂದಳು. "ರೀ, ನಾನು ಇದನ್ನ ಹಾಕ್ಕೊಂಡೇ ಹಸೆ ಮೇಲೆ ಕೂತ್ಕೋತೀನಿ. ನಿಮ್ಮಮ್ಮ ಪಕ್ಕದ ಬೀದೀಲೇ ನಿಮ್ಮಕ್ಕನ ಮನೇಲಿದಾರಲ್ಲ, ಹೋಗಿ ಹೇಳ್ಬನ್ನಿ. ಕಾಯ್ತೀನಿ."

"ಈಗ್ಲೇನಾ?"

"ಈಗ್ಲೇ."

"ಇಲ್ಲೇ ಇರು, ಬಂದೆ," ಎಂದು ಅವನು ಮೆಟ್ಟಿಲಿಳಿದ.

ಒಳಗೆ ಸಾಣೆಕಲ್ಲಿನ ಸದ್ದು. ಹೊರಗೆ ಬಿಳಿ ಅಂಗಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಂದು ಅಂಗಿ ಬಾಗಿಲಲ್ಲಿ ನಿಂತಾಗ ಅವಳು ಎದ್ದಳು.

"ಹೇಳಿದ್ರಾ?"

"ಏನಮ್ಮಾ ಹೇಳೋದು? ಕನ್ನಡಕ ರಿಪೇರಿಗೆ ಬಂದೆ," ಅಂದಿತು ಯಾವುದೋ ಮುದಿ ದನಿ.

ಬೆಳಕು ಇಳಿಯತೊಡಗಿದಾಗ ಸಾಹೇಬರು ಕನ್ನಡಕ ತಂದು ಕೈಗಿತ್ತರು. ಹಾಕಿಕೊಂಡಳು. ಕನ್ನಡಿಯಲ್ಲಿ ಗುಂಡು ಮುಖವೊಂದು ಅವಳನ್ನೇ ನೇರ ನೋಡುತ್ತಿತ್ತು. ಒಪ್ಪಿತ್ತು. ತುಂಬಾ ಒಪ್ಪಿತ್ತು. ಹಾಗಂತ ಹೇಳಬೇಕಾದವನು ಇರಲಿಲ್ಲ.

ರಸ್ತೆಯ ತುದಿಯವರೆಗೂ ಒಂದೊಂದು ಮುಖವೂ ಸ್ಪಷ್ಟವಾಗಿತ್ತು.

"ಅವರು ಬಂದ್ರೆ ಏನ್ ಹೇಳ್ಲಿ ಬೇಟಿ?"

"ನಾನೇ ಹೇಳ್ತೀನಿ ಸಾಹೇಬ್ರೆ... ಇನ್ನೊಂದ್ ಬಸ್ ಬಿಟ್ಟು ಹೋಗ್ತೀನಿ."

ಸಾಹೇಬರು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ, ಅವಳು ಕೂತಿದ್ದ ಕಡೆಯದನ್ನು ಮಾತ್ರ ಹಾಗೇ ಬಿಟ್ಟರು.

ಯಲಹಂಕದ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು.

ಲಕ್ಕಣ್ಣ ಬರಲಿಲ್ಲ.