ಅನುಕಂಪವೋ ಅನುರಾಗವೋ

"ಅನುಕಂಪ, ಅನುರಾಗ. ಎರಡಕ್ಕೂ ತಲೆ ಒಂದೇ, ಹೊಟ್ಟೆ ಬೇರೆ ಕಣೋ. ಏಳನೇ ಕ್ಲಾಸಿಗೇ ಪುಸ್ತಕ ಎಸೆದವನಿಗೆ ಇದೆಲ್ಲಿ ಗೊತ್ತಾಗಬೇಕು!"

ಅವಳಣ್ಣ ಇದನ್ನು ಹೇಳಿದ್ದು ಗಾಜಿನಂಗಡಿಯ ನಡುಮಧ್ಯೆ ನಿಂತು. ಗಿರಾಕಿಗಳು, ಕೆಲಸದವರು ಎಲ್ಲರೂ ಕೇಳಲಿ ಅಂತಲೇ. ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ, ಗಂಟಲು ದೊಡ್ಡದು. ಅಂಗಡಿ ಅವನಪ್ಪನದು, ನಾನು ಅಲ್ಲಿ ಕೆಲಸದವನು. ಹಿಂದಿನ ದಿನ ಯಜಮಾನರ ಎದುರು ನಿಂತು, "ನಿಮ್ಮ ಮಗಳನ್ನು ನನಗೆ ಕೊಡಿ" ಅಂದಿದ್ದೆ. ಅದಕ್ಕೆ ಸಿಕ್ಕಿದ ಉತ್ತರ ಇದು.

"ನನ್ನ ತಂಗಿ ನಿನ್ನ ಅಂಗಿ ಗುಂಡಿ ಹಾಕಿದಳು, ಟೀ ಲೋಟ ಕೈಗಿಟ್ಟಳು. ಯಾಕೆ? ಪಾಪ ಅಂತ! ನೀನು ಅದನ್ನೇ ಪ್ರೀತಿ ಅಂದ್ಕೊಂಡು ಹೆಣ್ಣು ಕೇಳೋಕೆ ಬಂದುಬಿಟ್ಯಲ್ಲಪ್ಪ!"

ಯಾರೋ ಕಿಸಕ್ಕನೆ ನಕ್ಕರು. ಮೈಯೆಲ್ಲ ಉರಿದುಹೋಯಿತು. ಆದರೂ ನನ್ನ ಕಣ್ಣು ಹುಡುಕಿದ್ದು ಅವಳನ್ನು. ಗಲ್ಲಾದ ಹತ್ತಿರ ಕೂತಿದ್ದಳು. ತಲೆ ಎತ್ತಲಿಲ್ಲ.

ದೊಡ್ಡ ಗಾಜನ್ನು ಒಬ್ಬರೇ ಹೊರುವ ಹಾಗಿಲ್ಲ. ಒಬ್ಬರು ಹಿಂದಕ್ಕೆ ಹೆಜ್ಜೆ ಇಡಬೇಕು, ಇನ್ನೊಬ್ಬರು ದಾರಿ ಹೇಳಬೇಕು. ಕಳೆದ ವರ್ಷ ಒಂದು ದಿನ ಜೊತೆಯವನು ಬಂದಿರಲಿಲ್ಲ. ಇವಳೇ ಎದ್ದು ಬಂದು ಆ ತುದಿ ಹಿಡಿದಳು.

"ಯಜಮಾನರ ಮಗಳು ಗಾಜು ಹೊರೋದಾ?"

"ಗಾಜು ತಾನೇ ಹೊರೋದು, ನಿನ್ನನ್ನಲ್ಲವಲ್ಲ. ದಾರಿ ಹೇಳು."

"ಎಡಕ್ಕೆ ಬನ್ನಿ."

"ಬನ್ನಿ ಅಂತೆ! ಎದುರಿಗಿದ್ದಾಗ ಬನ್ನಿ ಅಂತೀಯ, ಬೆನ್ನ ಹಿಂದೆ ಏನಂತೀಯೋ?"

"ರಾಕ್ಷಸಿ ಅಂತೀನಿ."

ನಕ್ಕುಬಿಟ್ಟಳು. ಅವಳ ಉಸಿರು ಗಾಜಿನ ಮೇಲೆ ಮಂಜಿನ ಹಾಗೆ ಕೂತಿತು. ಮೆಲ್ಲಗೆ ಅದು ಕರಗಿದಾಗ ಅದರಾಚೆ ಎರಡು ಕಣ್ಣು, ನನ್ನನ್ನೇ ನೋಡುತ್ತಿದ್ದವು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಜೊತೆಯವನು ಬಾರದ ದಿನವೆಲ್ಲ ನನಗೆ ಹಬ್ಬ.

ನಮ್ಮ ಕಸುಬಿನಲ್ಲಿ ಮೊದಲು ಕಲಿಸುವುದೇ ಇದು: ಗಾಜು ಜಾರಿದರೆ ಕೈಬಿಟ್ಟು ಹಿಂದೆ ಸರಿ, ಹಿಡಿಯೋಕೆ ಹೋಗಬೇಡ. ಅಂಥದೇ ಒಂದು ದಿನ ಗಾಜು ಜಾರಿ ವಾಲಿದ್ದು ಅವಳ ಮೈಮೇಲೆ. ಕಲಿತದ್ದು ಆಗ ಯಾರಿಗೆ ನೆನಪಿರುತ್ತೆ? ಹಿಡಿದೆ. ಅವಳಿಗೆ ಒಂದು ಗೀರೂ ಆಗಲಿಲ್ಲ. ನನ್ನ ಬಲಗೈ ನರ ಕತ್ತರಿಸಿಹೋಯಿತು. ಈಗ ಎರಡು ಬೆರಳು ಮಡಚುವುದಿಲ್ಲ, ಆಮೇಲೆ ಅಂಗಡಿಯಲ್ಲಿ ಎಡಗೈಯಲ್ಲೇ ಗಾಜಿನ ಅಂಚು ಉಜ್ಜುತ್ತಿದ್ದೆ.

ಅಂದಿನಿಂದ ಅವಳೇ ನನಗೆ ಕೈಯಾದಳು. ಗುಂಡಿ ಹಾಕುವಾಗ ಅವಳ ಬೆರಳು ನನ್ನೆದೆಗೆ ತಾಗುತ್ತಿತ್ತು.

"ಇದೇನೋ ಹೀಗೆ ಹೊಡ್ಕೊಳ್ತಿದೆ ನಿನ್ನೆದೆ!" ಅಂದಿದ್ದಳು ಒಮ್ಮೆ.

"ಅದಕ್ಕೆ ನಿಮ್ಮನ್ನ ಕಂಡರೆ ಭಯ."

ನಕ್ಕಳು. ಆದರೆ ನಗು ಮುಗಿಯುವ ಮೊದಲೇ ಅವಳ ನೋಟ ನನ್ನ ಬೆರಳುಗಳ ಮೇಲಿಳಿಯಿತು. ಒಂದು ನಿಟ್ಟುಸಿರು. ಅದು ನನಗಾಗಿ ಅಂದುಕೊಂಡೆ. ಬೆರಳಿಗಾಗಿ ಇರಬಹುದು ಅಂತ ಹೊಳೆಯಲೇ ಇಲ್ಲ. ಅವಳಣ್ಣ ಹೇಳುವವರೆಗೆ.

ಅವನು ಅತ್ತ ಹೋದ ಮೇಲೆ ಅವಳು ನಾನಿದ್ದ ಅಂಗಡಿ ಹಿಂಬದಿಯ ಕೋಣೆಗೆ ಬಂದಳು.

"ಅಣ್ಣನ ಮಾತು ತಲೆಗೆ ಹಾಕ್ಕೋಬೇಡ."

"ಅವನ ಮಾತು ಹಾಳಾಗಲಿ. ನೀವು ಹೇಳಿ. ನನ್ನ ಕೈ ಹೋಗೋಕೆ ಮುಂಚೆ, ಒಂದೇ ಒಂದು ದಿನ, ಮನೆಗೆ ಹೋದ್ಮೇಲೆ ನನ್ನ ನೆನಪಾಗಿತ್ತಾ?"

ಸುಳ್ಳು ಹೇಳೋಕೆ ಬಾರದವಳು ಅವಳು. ತುಟಿ ಕಚ್ಚಿಕೊಂಡಳು. ನನ್ನ ಮುಖ ನೋಡಲು ಹೋಗಿ, ಮತ್ತೆ ಕೈಯನ್ನೇ ನೋಡಿದಳು.

"ಮುಂಚಿನದ್ದೆಲ್ಲ ಈಗ ಯಾಕೆ? ಅಪ್ಪನ್ನ ನಾನು ಒಪ್ಪಿಸ್ತೀನಿ. ನಿನ್ನನ್ನೇ ಮದುವೆ ಆಗ್ತೀನಿ. ಸಾಯೋವರೆಗೂ ನೋಡ್ಕೋತೀನಿ ಕಣೋ. ನನ್ನಿಂದ ತಾನೇ ನಿನಗೆ ಹೀಗಾಗಿದ್ದು?"

ಹೂಂ ಅಂದಿದ್ದರೆ ಸಾಕಿತ್ತು. ಒಂದೇ ಅಕ್ಷರ. ಅವಳು ನನ್ನವಳಾಗುತ್ತಿದ್ದಳು. ಬೆಳಗ್ಗೆ ಕಣ್ಣು ಬಿಟ್ಟರೆ ಪಕ್ಕದಲ್ಲೇ ಇರುತ್ತಿದ್ದಳು. ತಪ್ಪಿಗೆ ದಂಡ ಕಟ್ಟುವವರ ಹಾಗೆ, ಒಳ್ಳೆಯ ಮನಸ್ಸಿನಿಂದ, ದಿನಾ.

"ಏನಾದ್ರೂ ಅನ್ನೋ. ಬೈಯೋದಾದ್ರೂ ಬೈ." ಅಳುತ್ತಿದ್ದಳು.

ಆ ಕಣ್ಣೀರು ಒರೆಸಬೇಕು ಅಂತ ಜೀವ ಹೊಡೆದುಕೊಂಡಿತು. ಒರೆಸಿದರೆ ಅಲ್ಲೇ ಉಳಿದುಬಿಡುತ್ತಿದ್ದೆ. ಮೊಳೆಯಲ್ಲಿ ನೇತಾಡುತ್ತಿದ್ದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡೆ. ಗಲ್ಲಾ ದಾಟಿದೆ, ಗಿರಾಕಿಗಳನ್ನು ದಾಟಿದೆ, ಬೀದಿಗಿಳಿದೆ. ಅವಳು ಬಾಗಿಲವರೆಗೂ ಬಂದು ನನ್ನ ಹೆಸರು ಕೂಗುತ್ತಿದ್ದಳು. ನಾನು ನಡೆಯುತ್ತಲೇ ಹೋದೆ.