ಕುಲಾವಿ ತೊಟ್ಟ ಗೊಂಬೆ

"ಇದರ ಹೊಟ್ಟೆಯೊಳಗೆ ಇದ್ದದ್ದೆಲ್ಲ ಎಲ್ಲಿ?"

ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದವನ ಮೊದಲ ಮಾತು ಅದು. ಕೈಯಲ್ಲೊಂದು ಬಟ್ಟೆಯ ಗೊಂಬೆ. ಮೊಣಕೈವರೆಗೂ ಒಣಗಿದ ಹಿಟ್ಟು. ಕಣ್ಣಲ್ಲಿ ಮಾತ್ರ ಕೆಂಡ!

ಗೊಂಬೆಯಕ್ಕನ ಸೂಜಿ ಹಾಗೇ ನಿಂತಿತು.

ಮನೆಯ ಮುಂದಿನ ಕೋಣೆಯಲ್ಲೇ ಅವಳ ಕೆಲಸ. ಗೊಂಬೆ ಹೊಲಿಯುವುದು, ಹರಿದ ಗೊಂಬೆಗಳನ್ನು ಸರಿಮಾಡುವುದು, ಶನಿವಾರ ಸಂಜೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಕಾಗದದ ಹೂವು, ಉಣ್ಣೆಯ ಚೆಂಡು ಮಾಡಿಸುವುದು. ಹಾಗಾಗಿ ಸುತ್ತಲಿನ ಮಕ್ಕಳಿಗೆಲ್ಲ ಅವಳು ಗೊಂಬೆಯಕ್ಕ. ಅವನ ಕೈಯಲ್ಲಿದ್ದ ಗೊಂಬೆಯನ್ನು ಕಂಡ ಕೂಡಲೇ ಗುರುತು ಹಿಡಿದಳು. ನಿನ್ನೆಯಷ್ಟೇ ತೊಳೆದು, ಹೊಸ ಹತ್ತಿ ತುಂಬಿ, ಹೊಟ್ಟೆ ಹೊಲಿದು ಕೊಟ್ಟದ್ದು.

"ಅದು... ಒಳಗೆಲ್ಲ ಮುಗ್ಗಲು ಹಿಡಿದಿತ್ತು. ಹುಳ ಬೇರೆ ಬಿದ್ದಿತ್ತು. ಅದಕ್ಕೇ ತೆಗೆದು..."

"ತೆಗೆದು?"

"ಹಿತ್ತಲಲ್ಲಿ ಗೊಬ್ಬರದ ಗುಂಡಿಗೆ ಹಾಕಿದೆ."

ಅವನು ಗೋಡೆಗೆ ಕೈ ಊರಿದ. ಅಬ್ಬರವೆಲ್ಲ ಒಮ್ಮೆಲೇ ಇಳಿದುಹೋಗಿ, ದನಿ ಸಣ್ಣದಾಯಿತು.

"ಅದು ಒಣಗಿದ ಚೆಂಡುಹೂವು. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ತುಂಬಿದ್ದು. ತಾರಸಿ ಮೇಲೆ ಅವಳೇ ಬೆಳೆಸಿದ ಹೂವು. 'ಅಮ್ಮ ಬೇಕು ಅನ್ನಿಸಿದಾಗ ಇದನ್ನ ಮೂಸಿ ನೋಡು ಕಂದಾ, ನಾನು ಇದರೊಳಗೇ ಇರ್ತೀನಿ' ಅಂತ ಮಗಳಿಗೆ ಹೇಳಿಹೋದಳು. ನಿನ್ನೆಯಿಂದ ನನ್ನ ಮಗಳು ಇದನ್ನ ಮೂಸ್ತಾಳೆ, ಬಿಸಾಡ್ತಾಳೆ, ಮತ್ತೆ ಎತ್ಕೊಂಡು ಮೂಸ್ತಾಳೆ. ಅತ್ರೂ ಪರವಾಗಿರಲಿಲ್ಲ... ಅಳೋದೂ ಇಲ್ಲ!"

ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ!

ಅವಳು ಒಂದು ಮಾತು ಹೇಳಬಹುದಿತ್ತು. ಗೊಂಬೆ ತಂದುಕೊಟ್ಟದ್ದು ಅವನ ಅಕ್ಕ. 'ಒಳಗಿನ ಕಸ ಎಲ್ಲ ತೆಗೆದು ಹೊಸದರ ಹಾಗೆ ಮಾಡಿಕೊಡಿ' ಎಂದದ್ದೂ ಆಕೆಯೇ. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಿ ಮಾಡುವುದೇನು? ಮೊದಲೇ ಹೊತ್ತಿ ಉರಿಯುತ್ತಿರುವ ಮನೆ. ಅಕ್ಕ ತಮ್ಮನ ನಡುವೆ ಇನ್ನೊಂದು ಕಡ್ಡಿ ಗೀರಿ ತನಗೆ ಆಗಬೇಕಾದ್ದೇನು?

"ತಪ್ಪಾಯ್ತು. ನಾನು ಕೇಳಬೇಕಿತ್ತು," ಎಂದಳು.

"ನಿಮ್ಮ ತಪ್ಪಾಯ್ತು ತಗೊಂಡು ನಾನು ಏನು ಮಾಡ್ಲಿ?"

ಗೊಂಬೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಅವಳು ಹಿತ್ತಲಿಗೆ ಓಡಿದಳು. ಅವಳ ತಾಯಿ ಆಗಲೇ ತರಕಾರಿ ಸಿಪ್ಪೆ ಸುರಿದು, ನೀರು ಚಿಮುಕಿಸಿ, ಗುದ್ದಲಿಯಲ್ಲಿ ಗುಂಡಿಯನ್ನು ತಿರುವಿ ಹಾಕಿ ಆಗಿತ್ತು. ಎರಡೂ ಕೈಯಲ್ಲಿ ಕೆದಕಿದಳು. ಸಿಕ್ಕಿದ್ದು ಬರೀ ಕಪ್ಪು ಕೊಚ್ಚೆ.

"ಏನು ಕಳ್ಕೊಂಡೆಯೇ?" ತಾಯಿ ಕೇಳಿದರು.

"ನನ್ನದಲ್ಲಮ್ಮ... ಬೇರೆಯವರದ್ದು," ಎನ್ನುತ್ತ ಗುಂಡಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟಳು.

ಅವನು ಎರಡು ಬೀದಿ ಆಚೆಗಿನ ಬೇಕರಿಯವನು. ಮರುದಿನ ಗೊಂಬೆಯನ್ನು ಎದೆಗವಚಿಕೊಂಡು ಅಲ್ಲಿಗೇ ಹೋದಳು. ಬೈಸಿಕೊಳ್ಳುವುದಾದರೆ ಮಗುವಿನಿಂದಲೇ ಬೈಸಿಕೊಳ್ಳಬೇಕು ಎಂದುಕೊಂಡಿದ್ದಳು.

ಗಲ್ಲಾಪೆಟ್ಟಿಗೆಯ ಮೇಜಿನ ಕೆಳಗೆ, ಮೈದಾ ಚೀಲಕ್ಕೆ ಒರಗಿ ಕೂತಿತ್ತು ಐದು ವರ್ಷದ ಮಗು. ಹಿಂದೆ ಒಂದು ಕ್ಷಣವೂ ಬಾಯಿ ಮುಚ್ಚುತ್ತಿರಲಿಲ್ಲವಂತೆ. ಬ್ರೆಡ್ ಕೊಳ್ಳಲು ಬಂದವರೆಲ್ಲ ಮಾತಿನಮಲ್ಲಿ, ಮಾತಿನಮಲ್ಲಿ ಎಂದು ಕರೆದು ಕರೆದು ಕೊನೆಗೆ ಮಲ್ಲಿ ಎಂಬುದೇ ಉಳಿದಿತ್ತು. ಮಾತು ಮಾತ್ರ ಉಳಿದಿರಲಿಲ್ಲ.

ಗೊಂಬೆಯಕ್ಕ ನೆಲದ ಮೇಲೆ ಮಂಡಿಯೂರಿದಳು. "ಮಲ್ಲಿ... ನಾನೇ ಕಣೇ ಹಾಗೆ ಮಾಡಿದ್ದು. ಗೊತ್ತಿರಲಿಲ್ಲ. ನನಗೆ ಬಯ್ಯಿ, ಹೊಡಿ, ಏನು ಬೇಕಾದ್ರೂ ಮಾಡು."

ಮಲ್ಲಿ ಅವಳನ್ನೇ ದಿಟ್ಟಿಸಿ ನೋಡಿತು. ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು.

"ನನ್ನ ಅಮ್ಮನ್ನ ಎಸೆದುಬಿಟ್ರಾ?"

ಗೊಂಬೆಯನ್ನು ಮಗುವಿನ ಪಕ್ಕದಲ್ಲಿಡಲು ಹೋದರೆ ಮಗು ಅದನ್ನು ಹಿಂದಕ್ಕೆ ತಳ್ಳಿತು. ಅದನ್ನೇ ಎತ್ತಿಕೊಂಡು ಬಂದು ತನ್ನ ಕಪಾಟಿನ ಮೇಲೆ ಕೂರಿಸಿದಳು.

ಮಗುವಿನ ಆ ಪ್ರಶ್ನೆ ಅವಳಿಗೆ ಅಷ್ಟು ಆಳಕ್ಕೆ ನಾಟಲು ಇನ್ನೊಂದು ಕಾರಣವಿತ್ತು. ಅವಳ ಒಡಲಲ್ಲೂ ಒಂದು ಕೂಸು ಏಳು ತಿಂಗಳಿದ್ದು ಹೋಗಿತ್ತು. ಅದರ ಬೆನ್ನಿಗೇ ಗಂಡನೂ ಹೋದ. ಕೂಸು ಹೋದದ್ದು ದೇವರ ಹತ್ತಿರಕ್ಕೆ, ಗಂಡ ಹೋದದ್ದು ಇನ್ನೊಬ್ಬಳ ಹತ್ತಿರಕ್ಕೆ, ಅಷ್ಟೇ ವ್ಯತ್ಯಾಸ. ಬಸಿರಿಯಾಗಿದ್ದಾಗ ಅವಳು ಬಿಳಿ ಉಣ್ಣೆಯಲ್ಲಿ ಒಂದು ಪುಟ್ಟ ಕುಲಾವಿ ಹೆಣೆದಿದ್ದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಅದನ್ನ ನಿಜವಾಗ್ಲೂ ಮಾಡಿದ್ಯಲ್ಲೇ!" ಎಂದು ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಆ ಗಾದೆ ಎಲ್ಲಿ ಕಿವಿಗೆ ಬಿದ್ದರೂ ಎದ್ದು ಒಳಗೆ ಹೋಗುತ್ತಿದ್ದಳು. ಕುಲಾವಿ ಕಪಾಟಿನ ತಳದಲ್ಲಿತ್ತು, ಒಂದು ತಲೆಯ ಮೇಲೂ ಕೂರದೆ.

ಒಂದು ಬೆಳಿಗ್ಗೆ ಗೇಟಿಗೆ ಚೀಲವೊಂದು ನೇತುಬಿದ್ದಿತ್ತು. ಒಳಗೆ ಬಿಸಿ ಬ್ರೆಡ್! ಮರುದಿನವೂ ಇತ್ತು. ಅದರ ಮರುದಿನ ಕಟ್ಟುವ ಹೊತ್ತಿಗೇ ಅವನು ಸಿಕ್ಕಿಬಿದ್ದ.

"ಅಕ್ಕ ಎಲ್ಲ ಹೇಳಿದಳು," ಎಂದ ತಲೆ ತಗ್ಗಿಸಿ. "ತಾನೇ ತೆಗೆಸಿದ್ದು ಅಂತ. ನೀವು ಆವತ್ತು ಒಂದು ಮಾತೂ ಆಡಲಿಲ್ಲ. ಯಾಕೆ?"

"ಆಡಿದ್ರೆ ಹೂವು ವಾಪಸ್ ಬರ್ತಿತ್ತಾ?"

ಅವನು ಚೀಲವನ್ನು ಗೇಟಿಗೇ ಕಟ್ಟಿ ಹೊರಟ. ಆಮೇಲೂ ಬ್ರೆಡ್ ನಿಲ್ಲಲಿಲ್ಲ. ತಾಯಿ ಮಾತ್ರ ಒಂದೊಂದೇ ತುಂಡನ್ನು ಚಹಾದಲ್ಲಿ ಅದ್ದುತ್ತ, "ತಪ್ಪು ಮಾಡಿದ್ರೆ ಬೇಕರಿಯವರ ಹತ್ರವೇ ಮಾಡಬೇಕು ನೋಡು," ಎಂದು ಕಾಲೆಳೆಯುತ್ತಿದ್ದರು.

ಶನಿವಾರ ಅವನೇ ಮಲ್ಲಿಯನ್ನು ಕರೆತಂದು ಬಿಡತೊಡಗಿದ. ಮಗು ಒಳಗೆ ಬರದೆ ಹೊಸ್ತಿಲ ಮೇಲೆ ಕೂರುತ್ತಿತ್ತು. ಗೊಂಬೆಯಕ್ಕ ಬಲವಂತ ಮಾಡಲಿಲ್ಲ. ಅವನ ಸೈಕಲ್ಲಿನ ಸದ್ದಿಗೆ ತನ್ನ ಕಿವಿ ತಾನಾಗಿಯೇ ನೆಟ್ಟಗಾಗುತ್ತಿದೆ ಎಂಬುದು ಗೊತ್ತಾದಾಗ ಅವಳಿಗೇ ಗಾಬರಿಯಾಯಿತು. ಸುಮ್ಮನಿರೇ ಮನಸೇ... ನಿನಗೆ ಇದೆಲ್ಲ ಒಗ್ಗುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಗೊಬ್ಬರದ ಗುಂಡಿಯ ಅಂಚಿನಲ್ಲಿ ತಾಯಿ ಕಳೆ ಕೀಳುತ್ತಿದ್ದರು. ಅವರು ಬದಿಗೆ ಎಸೆದ ಒಂದು ಎಳೆ ಗಿಡವನ್ನು ಇವಳು ಸುಮ್ಮನೆ ಬೆರಳಲ್ಲಿ ಹೊಸಕಿದಳು. ಮೂಗಿಗೆ ಬಡಿದ ಘಾಟು... ಗೊಂಬೆಯ ಹೊಟ್ಟೆ ಬಿಚ್ಚಿದಾಗ, ಆ ಮುಗ್ಗಲಿನ ಅಡಿಯಲ್ಲಿ ಇದೇ ಘಾಟು ಸಣ್ಣಗೆ ಇತ್ತಲ್ಲ!

"ಅಮ್ಮಾ, ನಿಲ್ಲಿಸು! ಕೀಳಬೇಡ!"

ಆ ಹಿತ್ತಲಲ್ಲಿ ಯಾರೂ ಎಂದೂ ಚೆಂಡುಹೂವು ನೆಟ್ಟಿರಲಿಲ್ಲ. ಒಣಹೂವಿನೊಳಗಿದ್ದ ಬೀಜ ಮೊಳೆತಿತ್ತು. ಉಳಿದ ಸಸಿಗಳನ್ನು ಬೇರು ನೋಯದ ಹಾಗೆ ಎಬ್ಬಿಸಿ ಕುಂಡಗಳಿಗೆ ಹಾಕಿ, ಹಿತ್ತಲಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇಟ್ಟಳು.

"ಆ ಮಗುಗೆ ಹೇಳೇ, ಎಷ್ಟು ಖುಷಿಪಡುತ್ತೆ!" ಎಂದರು ತಾಯಿ.

"ಹೂ ಬಿಡಲಿ ಅಮ್ಮ. ಈಗಲೇ ಹೇಳಿ, ನಾಳೆ ಇದೂ ಸತ್ತರೆ?"

ಆ ಶನಿವಾರ ಮಲ್ಲಿ ಮೊದಲ ಸಲ ಹೊಸ್ತಿಲು ದಾಟಿತು. ಕಪಾಟಿನ ಮೇಲಿದ್ದ ಗೊಂಬೆಯನ್ನು ನೋಡುತ್ತ ನಿಂತು, ಮೆಲ್ಲಗೆ ಹೇಳಿತು. "ಅದಕ್ಕೆ ಚಳಿ ಆಗ್ತಿದೆ."

ಗೊಂಬೆಯಕ್ಕನಿಗೆ ಏನು ತೋಚಿತೋ! ಕಪಾಟಿನ ತಳದಿಂದ ಬಿಳಿ ಕುಲಾವಿ ತೆಗೆದಳು. ಗೊಂಬೆಯ ತಲೆಗೆ ತೊಡಿಸಿ, ಗಲ್ಲದ ಕೆಳಗೆ ದಾರ ಕಟ್ಟಿ ಮಲ್ಲಿಯ ಮಡಿಲಲ್ಲಿಟ್ಟಳು. ಹಿಂದೆ ದೂಡಿದ್ದ ಗೊಂಬೆಯನ್ನು ಮಗು ಈ ಸಲ ಅಪ್ಪಿಕೊಂಡಿತು.

ಕರೆದೊಯ್ಯಲು ಬಂದವನು ಬಾಗಿಲಲ್ಲೇ ನಿಂತು ನೋಡಿದ. "ಚೆನ್ನಾಗಿದೆ. ಯಾರದ್ದು ಈ ಕುಲಾವಿ?"

ಒಳಗಿನಿಂದ ತಾಯಿಯ ದನಿ ಬಂತು. "ಅವಳ ಕೂಸಿಂದಪ್ಪ. ಉಳಿದಿದ್ರೆ ಈಗ ನಿನ್ನ ಮಗಳ ವಯಸ್ಸೇ!"

ಅವನ ಮುಖದ ಮೇಲಿದ್ದ ನಗು ಆರಿತು. ಮಗುವನ್ನು ಅಂಗಳಕ್ಕೆ ಕಳಿಸಿ, ತಗ್ಗಿದ ದನಿಯಲ್ಲಿ ಕೇಳಿದ. "ಅದಕ್ಕೇನಾ ಈ ಅಕ್ಕರೆ?"

"ಅಂದ್ರೆ?"

"ನಿಮ್ಮ ನೋವು ನನಗೆ ಅರ್ಥ ಆಗುತ್ತೆ. ಆದ್ರೆ ನನ್ನ ಮಗಳು ಅದಕ್ಕೆ ಔಷಧಿ ಅಲ್ಲ. ಅವಳು ಒಬ್ಬ ಅಮ್ಮನ್ನ ಕಳ್ಕೊಂಡಿದ್ದಾಳೆ. ನಾಳೆ ನಿಮ್ಮ ಗಾಯ ಮಾಗಿ ನೀವೂ ದೂರ ಆದ್ರೆ... ಅವಳು ತಡ್ಕೊಳ್ಳಲ್ಲ. ನಾನೂ..."

ಮುಂದಿನದನ್ನು ನುಂಗಿದ. ಅಂಗಳಕ್ಕೆ ಹೋಗಿ ಗೊಂಬೆಯ ತಲೆಯಿಂದ ಕುಲಾವಿ ಬಿಚ್ಚಿ ತಂದು, ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟ. ಎಸೆದಿದ್ದರೆ ಕೋಪವಾದರೂ ಬರುತ್ತಿತ್ತು. ಮಡಿಸಿಟ್ಟದ್ದೇ ಅವಳಿಗೆ ಹೆಚ್ಚು ನೋಯಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಗೇಟಿನಲ್ಲಿ ಬ್ರೆಡ್ ಇರಲಿಲ್ಲ.

ನಿಜವಾಗಿಯೂ ನಾನು ಆ ಮಗುವಿನಲ್ಲಿ ನನ್ನ ಕೂಸನ್ನು ಹುಡುಕುತ್ತಿದ್ದೇನಾ? ದಿನವೂ ತನ್ನನ್ನೇ ಕೇಳಿಕೊಂಡಳು. ಕುಂಡಗಳಿಗೆ ನೀರು ಹಾಕುತ್ತ ಕೇಳಿಕೊಂಡಳು, ಎಲೆಯ ಅಡಿಯ ಹುಳ ತೆಗೆಯುತ್ತ ಕೇಳಿಕೊಂಡಳು. ಒಂದು ಮುಂಜಾನೆ ಮೊದಲ ಮೊಗ್ಗು ಬಿರಿದಾಗ ಉತ್ತರ ಸಿಕ್ಕಿತು. ಅವಳಿಗೆ ಮೊದಲು ನೆನಪಾದದ್ದು ತನ್ನ ಕೂಸಲ್ಲ. ಮೈದಾ ಚೀಲಕ್ಕೆ ಒರಗಿ ಕೂತಿದ್ದ ಮಲ್ಲಿಯ ಮುಖ.

ಗಿಡವೆಲ್ಲ ಹೂವಾಗುವವರೆಗೆ ಕಾದು, ಒಂದು ಮಧ್ಯಾಹ್ನ ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು ಬೇಕರಿಗೆ ನಡೆದಳು. ಮೆಟ್ಟಿಲ ಬಳಿ ಇಟ್ಟಳು.

"ಗೊಂಬೆಯ ಹೊಟ್ಟೆಯಿಂದ ಬಿದ್ದ ಬೀಜದ್ದು," ಎಂದಳು. "ನಿಮ್ಮ ಮನೆಯದು. ತಗೊಳ್ಳಿ."

ಅವನು ಹಿಟ್ಟಿನ ಕೈಯಲ್ಲೇ ಬಂದು ನಿಂತ. ಹೂವನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹೂವನ್ನು ನೋಡಿದ. "ಇಷ್ಟು ದಿನ... ಯಾಕೆ ಹೇಳಲಿಲ್ಲ?"

"ಹೂ ಬಿಡೋಕೆ ಮುಂಚೆ ಹೇಳೋ ಧೈರ್ಯ ಇರಲಿಲ್ಲ. ಒಂದು ಸಲ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೆಣೆದವಳು ನಾನು."

"ಆ ಕುಲಾವಿನ ನೀವು ನನ್ನ ಮಗಳಿಗೆ ಕೊಟ್ಟಿದ್ರಿ. ನಾನು... ನೀವು ಏನೋ ಕಿತ್ಕೊಳ್ತಿದ್ದೀರಿ ಅಂದ್ಕೊಂಡೆ."

ಅಷ್ಟರಲ್ಲಿ ಮೇಜಿನ ಕೆಳಗಿನಿಂದ ಮಲ್ಲಿ ತೆವಳಿ ಬಂತು. ಒಂದು ಹೂವಿಗೆ ಮುಖವಿಟ್ಟು ದೀರ್ಘವಾಗಿ ಮೂಸಿತು.

ಮಗು ತಲೆ ಅಲ್ಲಾಡಿಸಿತು. "ಇದು ಅಮ್ಮ ಅಲ್ಲ."

ಗೊಂಬೆಯಕ್ಕ ಕುಂಡವನ್ನು ವಾಪಸ್ ಎತ್ತಿಕೊಳ್ಳಹೋದಳು. ಇಷ್ಟು ದಿನದ ಆಸೆ! ಆದರೆ ಅವನು ಬಗ್ಗಿ ಹೂವನ್ನು ಮೂಸಿ, ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಮಲ್ಲಿ, ಹಿಟ್ಟು ಬ್ರೆಡ್ಡಿನ ಹಾಗೆ ಘಮಘಮ ಅನ್ನುತ್ತಾ?"

ಇಲ್ಲವೆಂಬಂತೆ ತಲೆಯಾಡಿತು.

"ಬೇಯಬೇಕು ಅಲ್ವಾ? ಹಾಗೇ ಇದೂ ಒಣಗಬೇಕು ಕಂದಾ. ಕಾಯೋಣ."

ಒಲೆಯ ಬಿಸಿ ತಗಲುವ ಎತ್ತರದ ಹಲಗೆಯ ಮೇಲೆ ಹೂಗಳನ್ನು ಹರಡಿದರು. ದಿನವೂ ಮಧ್ಯಾಹ್ನ ಅವಳು ಬಂದು ಹೂ ತಿರುವಿ ಹಾಕುತ್ತಿದ್ದಳು. ಅವನು ಕೆಲಸ ಮಾಡುತ್ತಲೇ ಹೆಂಡತಿಯ ಬಗ್ಗೆ ಹೇಳುತ್ತಿದ್ದ. ಅವಳು ಹೋದಮೇಲೆ ನೀರು ಹಾಕಲು ಮನಸ್ಸಾಗದೆ ತಾರಸಿಯ ಕುಂಡಗಳನ್ನೆಲ್ಲ ಕೊಟ್ಟುಬಿಟ್ಟೆ ಎಂದ. ಗೊಂಬೆಯಕ್ಕ ಎಲ್ಲವನ್ನೂ ಕೇಳಿದಳು. ಸತ್ತವಳ ಮೇಲೆ ಅಸೂಯೆಯಾಗಲಿಲ್ಲ, ಅಂಥವಳನ್ನು ನೋಡಬೇಕಿತ್ತು ಎನಿಸಿತು.

ಹೂಗಳು ಗರಿಗರಿಯಾದ ದಿನ ಅವಳು ಗೊಂಬೆಯ ಹೊಟ್ಟೆ ಬಿಚ್ಚಿ ಹತ್ತಿ ತೆಗೆದಳು. ಮಲ್ಲಿಯೇ ತನ್ನ ಪುಟ್ಟ ಕೈಯಿಂದ ಹಿಡಿ ಹಿಡಿಯಾಗಿ ತುಂಬಿತು. ಹೊಲಿಗೆ ಮುಗಿದ ಮೇಲೆ ಗೊಂಬೆಯನ್ನು ಮುಖಕ್ಕೆ ಒತ್ತಿಕೊಂಡಿತು.

"ಸ್ವಲ್ಪ ಅಮ್ಮ ಇದಾಳೆ," ಎಂದಿತು. "ಸ್ವಲ್ಪನೇ."

ಅಷ್ಟು ದಿನ ಒಣಗಿದ್ದ ಆ ಕಣ್ಣುಗಳು ಕೊನೆಗೂ ತುಂಬಿ ಹರಿದವು. ಬಿಕ್ಕಿ ಬಿಕ್ಕಿ ಅತ್ತಿತು. ಯಾರೂ ಅಳಬೇಡ ಎನ್ನಲಿಲ್ಲ. ಅತ್ತು ಸುಸ್ತಾದ ಮೇಲೆ ಮೂಗು ಒರೆಸಿಕೊಂಡು ಕೇಳಿತು.

"ಅದರ ಟೋಪಿ ಎಲ್ಲಿ?"

ಗೊಂಬೆಯಕ್ಕ ಅವನತ್ತ ನೋಡಿದಳು. ಅವನು ಕೈಚಾಚಿದ. ಅವಳು ಜೊತೆಗೆ ತಂದಿದ್ದ ಕುಲಾವಿಯನ್ನು ಚೀಲದಿಂದ ತೆಗೆದುಕೊಟ್ಟಾಗ ತಾನೇ ಗೊಂಬೆಗೆ ತೊಡಿಸಿ, ಗಲ್ಲದ ಕೆಳಗೆ ದಾರ ಕಟ್ಟಿದ.

"ಇದು ಯಾರದ್ದು?" ಎಂದಿತು ಮಲ್ಲಿ.

"ನನ್ನ ಪಾಪುಂದು."

"ಪಾಪು ಎಲ್ಲಿ?"

"ಹೋಯ್ತು ಕಂದಾ."

"ನನ್ನ ಅಮ್ಮ ಹೋದ ಕಡೆಗಾ?"

ಗೊಂಬೆಯಕ್ಕ ಕಣ್ಣು ತುಂಬಿಕೊಂಡು ಹೌದೆಂದು ತಲೆಯಾಡಿಸಿದಳು.

ಮಲ್ಲಿ ಹಣೆ ಗಂಟಿಕ್ಕಿ ಯೋಚಿಸಿತು. ದೊಡ್ಡವರ ಹಾಗೆ ಅವಳ ಕೈ ತಟ್ಟಿತು.

"ಹಾಗಾದ್ರೆ ಅಳಬೇಡ. ಅಮ್ಮ ನಿನ್ನ ಪಾಪುನ ನೋಡ್ಕೋತಾಳೆ. ನೀನು ನನ್ನ ನೋಡ್ಕೋ."

'ನೀವು' ಹೋಗಿ 'ನೀನು' ಬಂದದ್ದು ಮಗುವಿಗೆ ಗೊತ್ತಾಗಲಿಲ್ಲ. ಗೊಂಬೆಯಕ್ಕ ಅದನ್ನು ಎದೆಗೆ ಅವಚಿಕೊಂಡು, ಏಳು ತಿಂಗಳ ಆ ಕೂಸಿಗಾಗಿ ಮೊದಲ ಬಾರಿಗೆ ಇನ್ನೊಬ್ಬರೆದುರು ಅತ್ತಳು.

ಮಗು ಅವಳ ಮಡಿಲಲ್ಲೇ ನಿದ್ದೆ ಹೋದ ಮೇಲೆ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಾನು ಹೇಳಬೇಕಾದ್ದನ್ನ ಅವಳೇ ಹೇಳಿಬಿಟ್ಟಳು."

"ಏನನ್ನ?"

"ಆವತ್ತು ಅವಳು ತಡ್ಕೊಳ್ಳಲ್ಲ ಅಂದೆನಲ್ಲ... ತಡ್ಕೊಳ್ಳೋಕೆ ಆಗದೆ ಇರೋದು ನನಗೆ. ನೀವು ದೂರ ಆದ್ರೆ. ನನಗೆ ನೀವು ಬೇಕು. ಅವಳಿಗೋಸ್ಕರ ಅಲ್ಲ, ನನಗೋಸ್ಕರ."

ಒಲೆಯ ಕಾವಿಗೋ ಏನೋ, ಅವಳ ಕೆನ್ನೆ ಕೆಂಪಾಗಿತ್ತು. ಮಲ್ಲಿಯ ಕೂದಲಿಗೆ ಅಂಟಿದ್ದ ಒಣ ಎಸಳೊಂದನ್ನು ತೆಗೆಯುತ್ತ, ಅವನನ್ನು ನೋಡದೆ ಹೇಳಿದಳು.

"ನಾಳೆಯಿಂದ ಬ್ರೆಡ್ ಗೇಟಿಗೆ ಕಟ್ಟಬೇಡಿ."

ಅವನ ಮುಖ ಪೆಚ್ಚಾಯಿತು. "ಮತ್ತೆ?"

"ಒಳಗೆ ಬಂದು ಕೊಡಿ."